ಕಡಲಿಗೆ ಸಿಕ್ಕವರು, ಬಯಲಿಗೆ ಬೇಕಾದವರು



ಕರಾವಳಿಗೆ ಚಿತ್ರಕಾರರು ಸಿಕ್ಕಿದ್ದಾರೆ. ಮಲೆನಾಡಿಗೆ ಸಿಕ್ಕಿದ್ದಾರೆ. ಬಾದಾಮಿಗೆ, ಸಂಡೂರಿಗೆ, ಹಂಪಿಗೆ ಸಿಕ್ಕಿದ್ದಾರೆ. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಬಯಲಿಗೆ ಮಾತ್ರ ಇನ್ನೂ ಸಾಲುವಷ್ಟು ಮಂದಿ ಸಿಕ್ಕಿಲ್ಲ. ಹಾಗಂತ ಈ ಭಾಗದಲ್ಲಿ ಕುಂಚ ಹಿಡಿಯುವ ಕೈಗಳಿಗೇನೂ ಬರವಿಲ್ಲ. ಆದರೆ ಶಾಲೆಯ ಹುಡುಗರಿಗೆ ನಿಸರ್ಗದ ಚಿತ್ರ ತೆಗೆಯಿರಿ ಎಂದು ಹೇಳಿ ನೋಡಿ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಹೊಳೆಯಲ್ಲಿ ದೋಣಿ, ದಂಡೆಯ ಮೇಲೆ ಬಾಗಿದ ತೆಂಗಿನ ಮರ. ಕಿಟಕಿಯ ಆಚೆ ಗೋವಿನಜೋಳದ ಹೊಲ ತೆನೆ ಬಿಟ್ಟು ನಿಂತಿರುತ್ತದೆ. ಹಾಳೆಯ ಮೇಲೆ ಯಾವುದೋ ಊರಿನ ತೆಂಗಿನ ಮರ ಬೆಳೆದಿರುತ್ತದೆ.

ತಪ್ಪು ಮಕ್ಕಳದಲ್ಲ. ನೋಡುವಂಥದ್ದು ಎಂದರೆ ಸಮುದ್ರ, ಜಲಪಾತ, ಕಾಡು ಎಂದು ನಾವೇ ಅವರಿಗೆ ಕಲಿಸಿದ್ದೇವೆ. ಶಾಲೆಯ ಪ್ರವಾಸ ಹೊರಟರೆ ಜೋಗಕ್ಕೆ, ಗೋಕರ್ಣಕ್ಕೆ, ಮುರ್ಡೇಶ್ವರಕ್ಕೆ. ಹೊಲದ ಬದುವಿನ ಮೇಲೆ ಬಣ್ಣದ ಪೆಟ್ಟಿಗೆ ಬಿಚ್ಚಿ ಕೂತವರನ್ನು ಕಂಡರೆ ದಾರಿಹೋಕರು ನಿಂತು ಕೇಳುತ್ತಾರೆ: "ಏನ್ರೀ ಮಾಸ್ತರ, ಈ ಬೋಳ ಹೊಲದಾಗ ಏನೈತಿ ಅಂತ ಚಿತ್ರ ತಗಿಯಾಕ ಹತ್ತೀರಿ?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವುದು ಚಿತ್ರ ಕಲಿತವರ ಹೊಣೆ. ಇವತ್ತಿನ ಈ ಮಾತೆಲ್ಲ ಆ ಉತ್ತರದ ಒಂದು ಪ್ರಯತ್ನ.

ಮೊದಲು ಕರಾವಳಿಯನ್ನೇ ನೋಡೋಣ. ಉಡುಪಿಯ ಹತ್ತಿರ ಕಟ್ಟಿಂಗೇರಿ ಎಂಬ ಹಳ್ಳಿ. 1911ರಲ್ಲಿ ಅಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರು ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಕೆಲಕಾಲ ಕಲಿಸಿದರು, ಪ್ಯಾರಿಸ್ಸಿಗೂ ಹೋಗಿ ಬಂದರು. ಇಷ್ಟೆಲ್ಲ ಊರು ಸುತ್ತಿದರೂ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬಂದದ್ದು ಪಡುವಣ ಕರಾವಳಿಯ ಜನ. ಬಿಸಿಲಿನಲ್ಲಿ ನಡೆಯುವ ಹೆಂಗಸರು, ದನಕರು, ಕೋಳಿ ಅಂಕ, ಜಾತ್ರೆ, ದುಡಿಮೆ. ದೇಹದ ಲಯ ತಿಳಿಯಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತರು. 1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕ ಬಂದಾಗ ಅದಕ್ಕೆ ಹಾಡುವ ರೇಖೆ ಎಂಬ ಅರ್ಥದ ಹೆಸರಿಟ್ಟರು. ಪದ್ಮಶ್ರೀ, ಪದ್ಮಭೂಷಣ ಎಲ್ಲ ಬಂದವು. 1996ರಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ ಹೆಬ್ಬಾರರ ದೊಡ್ಡಸ್ತಿಕೆ ಪ್ರಶಸ್ತಿಗಳಲ್ಲಿಲ್ಲ. ಅವರು ಕಡಲನ್ನು ಬರೀ ನೀಲಿಯೆಂದು ನೋಡಲಿಲ್ಲ. ಆ ನೆಲದಲ್ಲಿ ಬೆವರಿದವರ ಬೆನ್ನಿನ ಬಾಗು, ಸೊಂಟದ ತಿರುವು, ತಲೆಹೊರೆಯ ಭಾರ ಇವುಗಳಲ್ಲಿ ಅವರಿಗೆ ಆ ನೆಲ ಕಂಡಿತು.

ಅವರ ಹಿಂದೆಮುಂದೆ ಇನ್ನೂ ಹಲವರು ಬಂದರು. ಮಂಗಳೂರಿನ ಬಿ.ಜಿ. ಮಹಮ್ಮದ್ ಜಲವರ್ಣದಲ್ಲಿ ಆ ಊರನ್ನು ಹಿಡಿದರು. ಅವರ ಹೆಸರಿನ ಕಲಾಶಾಲೆಯಲ್ಲಿ ಮಕ್ಕಳು ಕಲಿತರು. ಉಡುಪಿಯ ಜಿ.ಎಸ್. ಶೆಣೈ ಬೆಂಗಳೂರಿನಲ್ಲಿ ನೆಲೆಸಿ ಭೂದೃಶ್ಯವನ್ನು ಅಮೂರ್ತದ ಕಡೆಗೆ ಒಯ್ದರು. ಉಡುಪಿಯಲ್ಲೇ ಹುಟ್ಟಿದ ಮಿಲಿಂದ್ ನಾಯಕರು ಪೇಸ್ಟಲ್ ಕಡ್ಡಿಗಳಲ್ಲಿ ಗಿಡ, ನೀರು, ಬೆಳಕನ್ನು ತಂದರು. ಮಂಗಳೂರಿನ ಗಣೇಶ ಸೋಮಯಾಜಿಯವರ ಜಲವರ್ಣಗಳನ್ನು ನೋಡಿದವರಿಗೆ ಕರಾವಳಿಯ ಮಳೆ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಇವರಿಗಿಂತ ಎಷ್ಟೋ ಮೊದಲೇ ಆ ನೆಲ ತಾನೇ ಬಣ್ಣವಾಗಿತ್ತು. ಕುಮಟಾ, ಅಂಕೋಲಾ ಕಡೆಯ ಹಳೆಯ ಗುಡಿಗಳಲ್ಲಿ ಸುಣ್ಣದ ಬಿಳಿ ಗೋಡೆಯ ಮೇಲೆ ಕೆಮ್ಮಣ್ಣಿನ ಗಾರೆ ಬಳಿದು, ಅದನ್ನು ಕೆರೆದು ಬಿಡಿಸಿದ ಚಿತ್ರಗಳಿವೆ. ಕಾವಿ ಕಲೆ ಎನ್ನುತ್ತಾರೆ. ಕಾಲ ಕೆಳಗಿನ ಮಣ್ಣೇ ಗೋಡೆಗೆ ಏರಿದ ಕೆಲಸ ಅದು. ನಮ್ಮ ಕಡೆ ಗುಡಿಯ ಗೋಡೆಗೆ ಜಾಜು, ಸುಣ್ಣದ ಪಟ್ಟೆ ಎಳೆಯುತ್ತೇವಲ್ಲ, ಅದರ ಹತ್ತಿರದ ನೆಂಟ.

ಹಾವೇರಿಯಿಂದ ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅರ್ಧ ದಿನದ ದಾರಿ. ಈ ಅರ್ಧ ದಿನದಲ್ಲಿ ಚಿತ್ರಕಾರನ ಹಾಳೆಯ ಸ್ವಭಾವವೇ ಬದಲಾಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅದರ ನಾಲ್ಕನೇ ಒಂದು ಪಾಲಿನ ಆಸುಪಾಸು. ಆಷಾಢದಲ್ಲಿ ಕುಮಟೆಯಲ್ಲಿ ಜಲವರ್ಣ ಹಾಕಲು ಕೂತರೆ ಬಳಿದ ಬಣ್ಣ ಆರುವುದೇ ಇಲ್ಲ. ಒಂದು ಬಣ್ಣ ಇನ್ನೊಂದರೊಳಗೆ ಹರಿದು, ಅಂಚು ಕರಗಿ, ದೂರದ ಗುಡ್ಡ ತಾನಾಗಿ ಮಂಜಿನಲ್ಲಿ ಮುಳುಗುತ್ತದೆ. ಅಲ್ಲಿಯ ಗಾಳಿಯ ತೇವ ಚಿತ್ರಕಾರನ ಅರ್ಧ ಕೆಲಸ ಮಾಡಿಕೊಡುತ್ತದೆ. ಅದೇ ಹಾಳೆ, ಅದೇ ಕುಂಚ ಹಿಡಿದು ಏಪ್ರಿಲಿನಲ್ಲಿ ರಾಣೇಬೆನ್ನೂರಿನ ಹೊಲದಲ್ಲಿ ಕೂತರೆ ನೀರು ಹಾಳೆಯ ಆ ತುದಿ ಮುಟ್ಟುವುದರೊಳಗೆ ಈ ತುದಿ ಒಣಗಿರುತ್ತದೆ. ಬಣ್ಣದ ಅಂಚು ಗಟ್ಟಿಯಾಗಿ ಗೆರೆಯಂತೆ ಕೂರುತ್ತದೆ. ಕರಾವಳಿಯವರ ಚಿತ್ರ ನೋಡಿ ಜಲವರ್ಣ ಕಲಿತ ನಮ್ಮ ಹುಡುಗರು ಇಲ್ಲಿ ಸೋತು, ತಮಗೆ ಕೈ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಕೈ ಸರಿಯಾಗಿಯೇ ಇದೆ. ಬಯಲಿನ ಬೆಳಕು ಗಟ್ಟಿ ಅಂಚಿನದು. ಇಲ್ಲಿ ಬೇವಿನ ಮರದ ನೆರಳು ನೆಲದ ಮೇಲೆ ಕತ್ತರಿಸಿ ಇಟ್ಟಂತೆ ಬೀಳುತ್ತದೆ. ಆರುವ ಬಣ್ಣದ ಗೆರೆಯನ್ನೇ ನೆರಳಿನ ಗೆರೆಯಾಗಿ ಬಳಸಿಕೊಳ್ಳುವುದನ್ನು ಕಲಿತರೆ, ಸೋಲೆಂದುಕೊಂಡದ್ದೇ ರೀತಿಯಾಗುತ್ತದೆ.

ಸಪಾಟು ನೆಲದಲ್ಲಿ ನೋಡಲು ಏನಿದೆ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ಹಾಲೆಂಡಿನಲ್ಲಿ ಗುಡ್ಡವೆಂಬುದು ಹುಡುಕಿದರೂ ಸಿಗುವುದಿಲ್ಲ. ಅಲ್ಲಿ 17ನೇ ಶತಮಾನದ ಯಾಕೋಬ್ ವಾನ್ ರಾಯ್ಸ್‌ಡಾಲ್ ತನ್ನ ಹಾರ್ಲೆಮ್ ಊರಿನ ಬಯಲನ್ನು ಚಿತ್ರಿಸುವಾಗ ದಿಗಂತವನ್ನು ಚಿತ್ರದ ಕೆಳಕ್ಕೆ ಎಳೆದ. ಮೇಲಿನ ಮೂರರಲ್ಲಿ ಎರಡು ಪಾಲನ್ನು ಆಕಾಶಕ್ಕೇ ಕೊಟ್ಟ. ಮೋಡದ ನೆರಳು ಹೊಲದ ಮೇಲೆ ಸರಿಯುತ್ತದೆ, ಒಂದು ಕಡೆ ಬಿಸಿಲು ಬಿದ್ದ ಜಾಗದಲ್ಲಿ ನಾರುಬಟ್ಟೆಗಳನ್ನು ಬಿಳುಪಾಗಲೆಂದು ಉದ್ದಕ್ಕೂ ಹಾಸಿದ್ದಾರೆ. ಆ ಊರಿನ ದುಡಿಮೆ, ಆ ಊರಿನ ಆಕಾಶ ಎರಡೂ ಒಂದೇ ಚಿತ್ರದಲ್ಲಿ. ಹೊಲದಲ್ಲಿ ಹಾಸಿದ ಬಿಳಿ ಬಟ್ಟೆಯನ್ನು ಅವರು ನೋಡಿದರು. ಕಣದಲ್ಲಿ ಹಾಸಿದ ಕೆಂಪು ಮೆಣಸಿನಕಾಯಿಯನ್ನು ನಾವು ನೋಡಬೇಕಲ್ಲವೇ? ಇನ್ನು ಫ್ರಾನ್ಸಿನ ಕ್ಲೋದ್ ಮೋನೆ. 1890, 91ರಲ್ಲಿ ಆತ ತನ್ನ ಮನೆಯ ಹತ್ತಿರದ ಹೊಲದಲ್ಲಿದ್ದ ಬಣವಿಗಳನ್ನು ಇಪ್ಪತ್ತೈದರಷ್ಟು ಚಿತ್ರಗಳಲ್ಲಿ ತೆಗೆದ. ಬೆಳಗಿನ ಬಣವಿ, ಸಂಜೆಯ ಬಣವಿ, ಹಿಮ ಬಿದ್ದ ಬಣವಿ. ಇವತ್ತು ಅವು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿವೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನಮ್ಮ ಹಿತ್ತಲುಗಳಲ್ಲಿ ಎಷ್ಟು ಬಣವಿಗಳಿವೆ, ನೀವೇ ಲೆಕ್ಕ ಹಾಕಿ.

ನಮ್ಮ ನಾಡಿನಲ್ಲೇ ಹಳ್ಳಿಯ ನೆಲವನ್ನು ನಂಬಿದವರು ಇದ್ದಾರೆ. ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿಯವರು ಬಯಲುಸೀಮೆಯಿಂದ ಹೋಗಿ ಮಲೆನಾಡನ್ನು ಜಲವರ್ಣದಲ್ಲಿ ತೆಗೆದರು. ಬರೀ ಚಿತ್ರ ತೆಗೆದು ಸುಮ್ಮನಾಗಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿ ಹಳ್ಳಿ ತಿರುಗಿ ನೇಗಿಲು, ಸೇರು, ಗೊಂಬೆ, ಆಭರಣಗಳನ್ನು ಒಟ್ಟುಹಾಕಿದರು. ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಗಾರರು, ಶಾಸನಸಭೆ ಕಂಡವರು. ಅವರು ಬಯಲಲ್ಲೇ ನಿಂತು ಗಿಡಮರಗಳನ್ನು ದಪ್ಪ ಬಣ್ಣದಲ್ಲಿ ತೆಗೆದರು. ಸಂಡೂರಿನ ವಿ.ಟಿ. ಕಾಳೆಯವರ ಲಂಬಾಣಿ ಹೆಂಗಸರು, ಕೆನ್ ಕಲಾಶಾಲೆಯ ಜೆ.ಎಂ.ಎಸ್. ಮಣಿಯವರ ಬಾದಾಮಿಯ ಸಂತೆಯ ಜನ, ಇವನ್ನೂ ನೆನೆಯಲೇಬೇಕು. ಮಣಿಯವರ ಬಾದಾಮಿಯಲ್ಲಿ ಗುಹೆ, ಗುಡಿ ಹಿಂದೆ ಸರಿದು, ಬುಟ್ಟಿ ಹಿಡಿದು ಕೂತವರು ಮುಂದೆ ಬರುತ್ತಾರೆ. ಮೈಬಣ್ಣ ಕಪ್ಪು, ಹಸಿರು, ಅದರ ಮೇಲೆ ಹಳದಿ ಸೆರಗು. ಹಾಗೆ ಬಣ್ಣ ಹಾಕಲು ಧೈರ್ಯ ಬೇಕು. ಆ ಜನರ ಮೇಲೆ ಗೌರವವೂ ಬೇಕು.

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಧಾರವಾಡದವರು. ಈ ಭಾಗದಲ್ಲಿ ಚಿತ್ರಕಲೆ ಕಲಿಯಬೇಕೆಂದವರು ಧಾರವಾಡದ ಡಿ.ವಿ. ಹಾಲಭಾವಿಯವರ ಶಾಲೆಗೆ, ಗದಗಿನ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರಕ್ಕೆ, ಇಲ್ಲವೇ ತುಂಗಭದ್ರೆ ದಾಟಿ 1964ರಲ್ಲಿ ಶುರುವಾದ ದಾವಣಗೆರೆಯ ಚಿತ್ರಕಲಾ ಶಾಲೆಗೆ ಹೋಗುತ್ತಿದ್ದರು. ಕಲಿತು ಬಂದು ಡ್ರಾಯಿಂಗ್ ಮಾಸ್ತರರಾಗುತ್ತಿದ್ದರು. ಗೋಡೆಗೆ ನಾಡಿನ ನಕಾಶೆ, ಗ್ಯಾದರಿಂಗಿಗೆ ಪರದೆ, ಗಣಪತಿಗೆ ಬಣ್ಣ, ನಾಟಕಕ್ಕೆ ಸೀನರಿ, ಎಲ್ಲವೂ ಅವರ ಪಾಲಿಗೆ. ಊರಿಗೆ ಬೇಕಾದ್ದನ್ನೆಲ್ಲ ತೆಗೆದುಕೊಟ್ಟ ಈ ಮಾಸ್ತರರಿಗೆ ತಮಗೆ ಬೇಕಾದ ಒಂದು ಚಿತ್ರ ತೆಗೆಯಲು ಹೊತ್ತು ಉಳಿಯುತ್ತಿರಲಿಲ್ಲ. ಬಯಲಿಗೆ ಚಿತ್ರಕಾರರು ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣ, ನನ್ನ ಪ್ರಕಾರ ದೊಡ್ಡ ಕಾರಣ.

ಈ ಮಣ್ಣಿನಲ್ಲೇ ಹುಟ್ಟಿ, ಇದೇ ಮಣ್ಣಿನ ಬಾಳನ್ನು ಕೈಗೆತ್ತಿಕೊಂಡ ಒಬ್ಬ ದೊಡ್ಡ ಕಲಾವಿದರೆಂದರೆ ಟಿ.ಬಿ. ಸೊಲಬಕ್ಕನವರ. ಚಿತ್ರಕಲೆಯಿಂದ ಬಂದವರು, ದೊಡ್ಡಾಟಕ್ಕೆ ಮರುಜೀವ ಕೊಡಲು ಓಡಾಡಿದವರು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲೇ ಇರುವ ಉತ್ಸವ ರಾಕ್ ಗಾರ್ಡನ್ ಅವರ ಕಲ್ಪನೆ. ನೀವು ನೋಡಿರಬಹುದು. ಆಳೆತ್ತರದ ಸಿಮೆಂಟಿನ ಶಿಲ್ಪಗಳು, ಅವಕ್ಕೆ ಬಣ್ಣ. ಕುಂಬಾರ, ಕಮ್ಮಾರ, ಬಡಿಗ, ರೊಟ್ಟಿ ಬಡಿಯುವ ತಾಯಿ, ದನಕರು, ಕಟ್ಟೆಯ ಮೇಲೆ ಕೂತ ಹಿರಿಯರು. ಒಂದು ಇಡೀ ಹಳ್ಳಿಯನ್ನು ಅವರು ನಿಲ್ಲಿಸಿದರು. 2020ರಲ್ಲಿ ಅವರು ತೀರಿಕೊಂಡರು. ಹಳ್ಳಿ ನಿಂತೇ ಇದೆ.

ಚಿತ್ರಕಾರರೊಬ್ಬರು ಕ್ಯಾನ್ವಾಸು ಬಿಟ್ಟು ಸಿಮೆಂಟಿಗೆ ಹೋದದ್ದೇಕೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನನಗೆ ತೋಚುವುದು ಇಷ್ಟು. ಗ್ಯಾಲರಿಯ ಬಾಗಿಲು ದಾಟಲು ನಮ್ಮ ಹಳ್ಳಿಯವರು ಅಂಜುತ್ತಾರೆ. ಚಪ್ಪಲಿ ಬಿಡಬೇಕೋ, ಮಾತಾಡಬಹುದೋ, ಎಷ್ಟು ಹೊತ್ತು ನಿಲ್ಲಬೇಕೋ ತಿಳಿಯುವುದಿಲ್ಲ. ತೋಟಕ್ಕೆ ಆ ಅಂಜಿಕೆಯಿಲ್ಲ. ಬುತ್ತಿ ಕಟ್ಟಿಕೊಂಡು, ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ರೊಟ್ಟಿ ಬಡಿಯುವ ಶಿಲ್ಪದ ಮುಂದೆ ನಿಂತು ಒಲೆಯ ಎತ್ತರ ಸರಿಯಿದೆಯೇ ಎಂದು ವಾದ ಮಾಡುತ್ತಾರೆ. ಕಲಾವಿಮರ್ಶೆ ಎಂದರೆ ಇದೇ. ಸೊಲಬಕ್ಕನವರ ತಮ್ಮ ಜನರನ್ನು ನೋಡುಗರನ್ನಾಗಿ ಮಾಡಿದರು. ಅದು ಸಣ್ಣ ಕೆಲಸವಲ್ಲ. ಆದರೂ ಒಂದು ಕೆಲಸ ಆ ತೋಟದ ಬೇಲಿಯ ಆಚೆ ಉಳಿದುಹೋಗಿದೆ. ಶಿಲ್ಪದ ಹಳ್ಳಿಯಲ್ಲಿ ಮನುಷ್ಯರಿದ್ದಾರೆ, ಮೋಡ ಇಲ್ಲ. ರೋಹಿಣಿ ಮಳೆಗೆ ಎರೆಭೂಮಿ ಕಪ್ಪಾಗುವುದು, ಬಿಸಿಲಿಗೆ ಅದು ಬೂದಿಬಣ್ಣಕ್ಕೆ ತಿರುಗಿ ಬಾಯಿ ಬಿಡುವುದು, ಸುಗ್ಗಿಯ ಸಂಜೆ ಕಣದ ಧೂಳು ಹೊನ್ನಾಗುವುದು, ಇವು ಸಿಮೆಂಟಿಗೆ ಒಗ್ಗುವುದಿಲ್ಲ. ಇದಕ್ಕೆ ಬಣ್ಣವೇ ಬೇಕು.

ಹಾಗಾದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸುತ್ತ ಚಿತ್ರಕಾರನಿಗೆ ಸಿಗುವುದೇನು?

ಹಾವೇರಿಯಲ್ಲಿ ಸಿದ್ಧೇಶ್ವರ ಗುಡಿಯಿದೆ. 12ನೇ ಶತಮಾನದ ಕೆಲಸ, ಬಳಪದ ಕಲ್ಲು. ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ. ಚಿತ್ರ ತೆಗೆಯುವವರು ಇದನ್ನು ನೆನಪಿಡಬೇಕು. ಬೆಳಿಗ್ಗೆ ಹೋದರೆ ಮುಂಭಾಗ ನೆರಳಿನಲ್ಲಿರುತ್ತದೆ; ಸಂಜೆ ನಾಲ್ಕರ ಮೇಲೆ ಹೋದರೆ ಬೆಳಕು ನೇರವಾಗಿ ಕಂಬಗಳ ಮೇಲೆ ಬಿದ್ದು ಬೂದುಗಲ್ಲು ಬೆಚ್ಚಗಿನ ಬಣ್ಣಕ್ಕೆ ಬರುತ್ತದೆ. ಊರೊಳಗೆ ಏಲಕ್ಕಿ ಹಾರ ಪೋಣಿಸುವವರ ಕೈಯಿದೆ. ಏಲಕ್ಕಿಯ ತಿಳಿ ಹಸಿರನ್ನು ಬಣ್ಣದಲ್ಲಿ ಹಿಡಿಯುವುದು ಸುಲಭವಲ್ಲ, ಒಮ್ಮೆ ಪ್ರಯತ್ನಿಸಿ ನೋಡಿ. ದೀಪಾವಳಿಯ ಹೊತ್ತಿಗೆ ಹೋರಿ ಹಬ್ಬ ಬಂದರೆ ಹೇಳುವುದೇ ಬೇಡ. ಕೊಬ್ಬರಿ ಸರ, ಬಲೂನು, ಜೂಲು ಹೊತ್ತು ಓಡುವ ಹೋರಿಯ ಚಿತ್ರಗಳು ಈಗೀಗ ಬಹಳ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಫೋಟೋ ನೋಡಿ ತೆಗೆದವು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಫೋಟೋದಲ್ಲಿ ಹೋರಿ ನಿಂತುಬಿಡುತ್ತದೆ. ಅಖಾಡದ ಬದಿಯಲ್ಲಿ ನಿಂತು ಹತ್ತು ಗೆರೆಗಳಲ್ಲಿ ಅದನ್ನು ಹಿಡಿಯಲು ಕಲಿತವರಿಗೆ ಹೆಬ್ಬಾರರ ರೇಖೆ ಯಾಕೆ ಹಾಡಿತೆಂದು ಅರ್ಥವಾಗುತ್ತದೆ.

ರಾಣೇಬೆನ್ನೂರಿನ ಮಾತು ಬೇರೆ. ಅಲ್ಲಿ 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯವಿದೆ, ಸುಮಾರು 119 ಚದರ ಕಿಲೋಮೀಟರು. ಅರಣ್ಯ ಎಂದ ಕೂಡಲೇ ದಟ್ಟ ಕಾಡು ನೆನೆಸಿಕೊಳ್ಳಬೇಡಿ. ಕುರುಚಲು, ಒಣಹುಲ್ಲು, ನಡುವೆ ನೀಲಗಿರಿ ನೆಡುತೋಪು. ಹುಲ್ಲಿನ ಬಣ್ಣ, ಹೆಣ್ಣು ಮೃಗದ ಬಣ್ಣ ಒಂದೇ. ಗಂಡಿನ ಬೆನ್ನಿನ ಕಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ. ಹಳದಿಯಲ್ಲೇ ಹತ್ತು ಹಳದಿಗಳನ್ನು ಬೇರ್ಪಡಿಸುವ ಪರೀಕ್ಷೆ ಅದು. ಹೊಳೆಯ ಕಡೆ ಹೋದರೆ ತುಂಗಭದ್ರೆ, ದಂಡೆಯ ಮೇಲೆ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ. ಗುಡಿಯ ಚಿತ್ರ ತೆಗೆಯುವವರು ಪಕ್ಕದಲ್ಲೇ ಹೊಳೆಗಿಳಿದ ಪಂಪ್‌ಸೆಟ್ಟಿನ ಪೈಪನ್ನು ಬಿಟ್ಟುಬಿಡುತ್ತಾರೆ. ನಾನು ಹೇಳುವುದು, ಬಿಡಬೇಡಿ. ಆ ಕರಿ ಪೈಪೇ ಆ ಬಯಲಿನ ಹಸಿರಿಗೆ ಕಾರಣ.

ರಾಣೇಬೆನ್ನೂರಿನ ಸುತ್ತ ಇನ್ನೊಂದು ನೋಟವಿದೆ. ಅದನ್ನು ಯಾರೂ ನಿಸರ್ಗಚಿತ್ರ ಎಂದು ಒಪ್ಪಲಾರರು, ನಾನು ಒಪ್ಪುತ್ತೇನೆ. ಬೀಜೋತ್ಪಾದನೆಯ ಹೊಲಗಳು. ನೆರಳುಪರದೆಯ ಕೆಳಗೆ, ಸಾಲು ಸಾಲು ಗಿಡಗಳ ನಡುವೆ ಹೆಂಗಸರು ಕ್ರಾಸಿಂಗ್ ಮಾಡುತ್ತಿರುತ್ತಾರೆ. ಒಂದು ಹೂವಿನ ಪರಾಗವನ್ನು ಇನ್ನೊಂದರ ತುದಿಗೆ ಮುಟ್ಟಿಸಿ, ಗುರುತಿಗೆ ಬಣ್ಣದ ದಾರವನ್ನೋ ಕಾಗದದ ಚೀಲವನ್ನೋ ಕಟ್ಟುತ್ತಾರೆ. ಪರದೆಯಿಂದ ಸೋಸಿ ಬಂದ ಬೆಳಕು ಹಸಿರು. ಅದರಲ್ಲಿ ಮುಖಗಳೂ ನಸು ಹಸಿರು. ಗಿಡಗಳ ಮೇಲೆ ಚುಕ್ಕೆ ಚುಕ್ಕೆ ಬಣ್ಣ. ಬೆರಳ ತುದಿಯ ಅಷ್ಟು ನಾಜೂಕು ಕೆಲಸ ಹೊಲದಲ್ಲಿ ನಡೆಯುವುದನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲ. ಸಮಕಾಲೀನ ಚಿತ್ರ ಎಂದರೆ ಏನೆಂದು ನನ್ನನ್ನು ಕೇಳಿದರೆ ಈ ಪರದೆಯ ಕೆಳಗೆ ಕರೆದೊಯ್ಯುತ್ತೇನೆ.

ಏಕೆಂದರೆ ಹಳ್ಳಿಯ ಚಿತ್ರ ಎಂದರೆ ಈಗಲೂ ಎತ್ತಿನ ಬಂಡಿ, ಮುಳುಗುವ ಸೂರ್ಯ, ಕೊಡ ಹೊತ್ತ ಹೆಣ್ಣು. ಕ್ಯಾಲೆಂಡರಿಗೆ ಅದು ಸರಿ. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ, ಹತ್ತಿಯ ಬಿಳಿ ಇದ್ದಲ್ಲಿ ಗೋವಿನಜೋಳದ ಹಸಿರು ಬಂದಿದೆ, ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ತಾರಸಿ ಬಂದಿದೆ. ಸುಗ್ಗಿಯಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಯುದ್ದಕ್ಕೂ ಗೋವಿನಜೋಳ ಒಣಹಾಕಿರುತ್ತಾರೆ. ಕರಿ ಡಾಂಬರಿನ ಮೇಲೆ ಉದ್ದಕ್ಕೂ ಹಳದಿ ಪಟ್ಟಿ, ಬದಿಗೆ ನೀಲಿ ತಾಡಪತ್ರಿ, ಕಾಲಿನಿಂದ ಕಾಳು ಕೆದಕುತ್ತ ನಡೆಯುವ ಮುದುಕಿ, ಪಕ್ಕದಲ್ಲಿ ಭರ್ರನೆ ಹೋಗುವ ಲಾರಿ. ಇದಕ್ಕಿಂತ ಬಿಗಿಯಾದ ಚಿತ್ರ ಯಾವ ಸಮುದ್ರ ದಂಡೆಯಲ್ಲಿ ಸಿಗುತ್ತದೆ? ಹಳೆಯದರ ಹಂಬಲ ನನಗೂ ಇದೆ. ಮೇಲ್ಮುದ್ದೆಯ ಮನೆಗಳು ಪೂರಾ ಮರೆಯಾಗುವ ಮೊದಲು ಅವನ್ನು ತೆಗೆದಿಡಬೇಕು. ಆದರೆ ಇಂದಿನ ಹೊಲವನ್ನು ನೋಡಲು ಒಲ್ಲೆನೆಂದು ಹಿಂದಿನದರ ಕಡೆ ಮುಖ ತಿರುಗಿಸಿದರೆ ಅದು ಈಗ ದುಡಿಯುವವರಿಗೆ ಮಾಡುವ ಅಗೌರವ.

ಇನ್ನು ಬ್ಯಾಡಗಿ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಬಣ್ಣವನ್ನು ಎಣ್ಣೆಯಾಗಿ ತೆಗೆದು ತಿನಿಸುಗಳಿಗೆ, ತುಟಿಬಣ್ಣಕ್ಕೆ ಕೂಡ ಬಳಸುತ್ತಾರೆ. ಕುಂದಾಪುರದ, ಮಂಗಳೂರಿನ ಮೀನುಸಾರು ಕೆಂಪಾಗುವುದೂ ನಮ್ಮ ಕಾಯಿಯಿಂದಲೇ. ಜಗತ್ತಿಗೆ ಬಣ್ಣ ಮಾರುವ ಊರು ಇದು. ಇಲ್ಲಿ ಬಣ್ಣ ಹಾಕುವವರು ಇನ್ನೂ ಹುಟ್ಟಬೇಕಾಗಿದೆ ಎಂಬ ಮಾತು ನನ್ನನ್ನು ಬಹಳ ಕಾಡುತ್ತದೆ.

ಸುಗ್ಗಿಯಲ್ಲಿ, ಸೋಮವಾರ ಇಲ್ಲವೇ ಗುರುವಾರ, ಬೆಳಗ್ಗೆ ಮಾರುಕಟ್ಟೆಗೆ ಹೋಗಿ. ಒಂದೇ ದಿನಕ್ಕೆ ಲಕ್ಷ ಚೀಲ ಮೀರುವುದೂ ಉಂಟು. ದಲಾಲಿ ಅಂಗಡಿಗಳ ಮುಂದೆ ಲಾಟುಗಳು, ಬಾಯಿ ಬಿಚ್ಚಿದ ಚೀಲಗಳು, ಹಮಾಲರ ಓಟ, ಒಳಗೆ ಕಾಯಿ ಆರಿಸುವ ಹೆಂಗಸರು, ಮೂಗಿಗೆ ಅಡರುವ ಘಾಟು. ಚಿತ್ರ ಕಲಿಯುವ ಹುಡುಗರು ಮೊದಲ ಸಲ ಮಾಡುವುದೇನು? ಕೆಂಪು ಟ್ಯೂಬು ಹಿಂಡಿ ಬಳಿಯುತ್ತಾರೆ. ಹಾಳೆಯ ಮೇಲೆ ರಾಶಿ ಏಳುವುದಿಲ್ಲ. ದೊಡ್ಡದೊಂದು ಕಲೆ ಬಿದ್ದಂತೆ ಕಾಣುತ್ತದೆ. ರಾಶಿಯ ಮುಂದೆ ಸುಮ್ಮನೆ ಹತ್ತು ನಿಮಿಷ ಕೂರಬೇಕು. ಆಗ ಕೆಂಪು ಬಿಡಿಬಿಡಿಯಾಗಲು ಶುರುವಾಗುತ್ತದೆ. ಬಿಸಿಲು ನೇರ ತಗುಲಿದ ನೆತ್ತಿಯಲ್ಲಿ ಅದು ಕೆಂಪೇ ಅಲ್ಲ, ಕಿತ್ತಳೆ. ಸಿಪ್ಪೆಯ ಹೊಳಪು ಇರುವಲ್ಲಿ ಬಿಳಿಯ ಚುಕ್ಕೆ. ಇಳಿಜಾರಿನಲ್ಲಿ ರಕ್ತದ ಬಣ್ಣ. ಕಾಯಿಯ ಸುಕ್ಕುಗಳ ನಡುವೆ ಕಂದು. ಬುಡದ ನೆರಳಿನಲ್ಲಿ ಮೇಲಿನ ಆಕಾಶದ ನೀಲಿ ಸೇರಿ ನೇರಳೆ. ತೊಟ್ಟುಗಳ ಒಣಹುಲ್ಲಿನ ಬಣ್ಣ ಅಲ್ಲಲ್ಲಿ. ಬ್ಯಾಡಗಿ ಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ; ಕಡ್ಡಿಯ ರಾಶಿಯೇ ಬೇರೆ, ಡಬ್ಬಿಯ ರಾಶಿಯೇ ಬೇರೆ. ಕಡ್ಡಿ ಉದ್ದ, ಸಣ್ಣ, ಸುಕ್ಕು ಹೆಚ್ಚು. ರಾಶಿಯ ಮೈ ಗೆರೆಗೆರೆಯಾಗಿ ಕಾಣುತ್ತದೆ. ಡಬ್ಬಿ ಗಿಡ್ಡ, ದುಂಡು. ಅದರ ರಾಶಿಯಲ್ಲಿ ಬೆಳಕು ಚುಕ್ಕೆಯಾಗಿ ಕೂರುತ್ತದೆ.

ಆಮೇಲೆ ರಾಶಿಯಿಂದ ಕಣ್ಣು ತೆಗೆದು ಸುತ್ತ ನೋಡಿ. ನೆಲದ ಕೆಂಪು ಮೇಲಕ್ಕೆ ಚಿಮ್ಮಿ ಹಮಾಲರ ಬಿಳಿ ಬನಿಯನ್ನಿನ ಅಡಿ, ಕೂತ ಹೆಂಗಸಿನ ಗದ್ದದ ಕೆಳಗು, ಅಂಗಡಿಯ ಸುಣ್ಣದ ಗೋಡೆ, ಎಲ್ಲಕ್ಕೂ ನಸುಗೆಂಪು ಬಳಿದಿರುತ್ತದೆ. ಬಹಳ ಹೊತ್ತು ಕೆಂಪನ್ನು ನೋಡಿದ ಕಣ್ಣು ಬಿಳಿ ಗೋಡೆಯ ಕಡೆ ತಿರುಗಿದರೆ ಅಲ್ಲಿ ಹಸಿರು ಛಾಯೆ ತೇಲುತ್ತದೆ. ಕಣ್ಣಿನ ಸ್ವಭಾವವೇ ಹಾಗೆ. ಬಲ್ಲ ಚಿತ್ರಕಾರ ಆ ಹಸಿರನ್ನು ತುಸು ಬೂದಿಗೆ ಸೇರಿಸಿ ನೆರಳಿನಲ್ಲಿ ಇಡುತ್ತಾನೆ, ಕೂಡಲೇ ರಾಶಿ ಉರಿಯತೊಡಗುತ್ತದೆ. ಹಿನ್ನೆಲೆಗೆ ಕೋಲ್ಡ್ ಸ್ಟೋರೇಜಿನ ತಗಡಿನ ಗೋಡೆಯಿದ್ದರೆ ಇನ್ನೂ ಒಳ್ಳೆಯದು. ಬಿಸಿಲು, ಗಾಳಿಗೆ ಕಾಯಿಯ ಬಣ್ಣ ಮಾಸುತ್ತದೆಂದೇ ಆ ಕಟ್ಟಡಗಳು ಎದ್ದದ್ದು. ಕೆಂಪನ್ನು ಕಾಯುವ ಆ ತಣ್ಣನೆಯ ಬೂದು ಗೋಡೆಯಿಲ್ಲದೆ ಇಂದಿನ ಬ್ಯಾಡಗಿಯ ಚಿತ್ರ ಪೂರ್ತಿಯಾಗುವುದಿಲ್ಲ.

ಕೆಲವು ಕೋರಿಕೆಗಳಿವೆ. ಮಾರುಕಟ್ಟೆಯ ವರ್ತಕರಲ್ಲಿ, ಬ್ಯಾಂಕುಗಳಲ್ಲಿ, ಹೊಸ ಮನೆ ಕಟ್ಟಿಸುವವರಲ್ಲಿ ಒಂದು ಮಾತು. ಹಜಾರದ ಗೋಡೆಗೆ ಹಿಮದ ಬೆಟ್ಟದ ಪೋಸ್ಟರು ತರುವ ಬದಲು ಊರಿನ ಹುಡುಗ ಹುಡುಗಿಯರು ತೆಗೆದ ಊರಿನ ಚಿತ್ರವೊಂದನ್ನು ಬೆಲೆ ಕೊಟ್ಟು ಕೊಳ್ಳಿ. ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಿದೆ. ರಸ್ತೆಯ ಬದಿಗೇ ಚಿತ್ರಗಳು, ಜನಸಾಮಾನ್ಯರ ಕೈಗೆ ಎಟಕುವ ಬೆಲೆಗೂ ಸಿಗುತ್ತವೆ. ನಮ್ಮಲ್ಲಿ ಸಂತೆಗೇನು ಕೊರತೆ? ವಾರದ ಸಂತೆಯ ಒಂದು ಮೂಲೆಯಲ್ಲಿ, ಬಳೆಯ ಅಂಗಡಿ, ಬೆಲ್ಲದ ಅಂಗಡಿಯ ನಡುವೆ, ಹತ್ತು ಚಿತ್ರಗಳನ್ನು ಹಗ್ಗಕ್ಕೆ ತೂಗುಹಾಕಲು ಜಾಗ ಕೊಡಿ. ಶಿಕ್ಷಕ ಮಿತ್ರರಲ್ಲಿ ಇನ್ನೊಂದು. ನಿಸರ್ಗಚಿತ್ರದ ತರಗತಿಯನ್ನು ಕೊಠಡಿಯಿಂದ ಹೊರಗೆ, ಬೇಲಿಯ ಹತ್ತಿರಕ್ಕಾದರೂ ಒಯ್ಯಿರಿ.

ಕುಂಚ ಹಿಡಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು. ಜನವರಿ ಕಳೆದ ಮೇಲೆ ಬ್ಯಾಡಗಿಗೆ ಹೊರಡಿ. ಅಂಗಡಿಯವರನ್ನು ಕೇಳಿಯೇ ಕೂರಿ, ಹಮಾಲರ ದಾರಿಗೆ ಅಡ್ಡ ಬರಬೇಡಿ. ಮೂಗಿಗೆ ಒದ್ದೆ ಬಟ್ಟೆ ಇರಲಿ. ಘಾಟಿನ ಕೈಯಿಂದ ಕಣ್ಣು ಮುಟ್ಟಬೇಡಿ. ಪೆಟ್ಟಿಗೆಯಲ್ಲಿ ಕಿತ್ತಳೆಗೆ ವಾಲುವ ಕೆಂಪು, ನೇರಳೆಗೆ ವಾಲುವ ಕೆಂಪು ಎರಡೂ ಇರಬೇಕು, ಒಂದು ಒಳ್ಳೆಯ ನೀಲಿಯೂ ಬೇಕು. ಚಿತ್ರ ಮುಗಿದ ಮೇಲೆ ರಾಶಿ ಹಾಕಿದ ರೈತನಿಗೇ ಮೊದಲು ತೋರಿಸಿ. ಇದು ಕಡ್ಡಿಯೋ ಡಬ್ಬಿಯೋ ಎಂದು ಕೇಳಿ. ನಿಮ್ಮ ಬಣ್ಣ ನೋಡಿಯೇ ಅವರು ಸರಿಯಾಗಿ ಹೇಳಿದರೆ, ಆ ಚಿತ್ರವನ್ನು ಧೈರ್ಯವಾಗಿ ಬೆಂಗಳೂರಿಗೆ ಒಯ್ಯಿರಿ.